12 ವಾರ ದಾಟಿದ ಸೊಂಟನೋವು: ಯಾರಿಗೆ ಹೆಚ್ಚು?

ಪ್ರಶ್ನೆ: ದೀರ್ಘಕಾಲದ ಸೊಂಟನೋವು ಭಾರ ಎತ್ತುವವರಿಗಷ್ಟೇ ಬರುತ್ತಾ? ಎಂಆರ್‌ಐ ಮಾಡಿಸಲೇಬೇಕಾ?

ಉತ್ತರ 1: ಇಲ್ಲ. ಎಲ್ಲ ಬಗೆಯದೂ ಸೇರಿ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಭಾರ ಎತ್ತುವುದು, ಬಗ್ಗಿ ತಿರುಚಿ ದುಡಿಯುವುದರ ಜತೆ ಬೀಡಿ-ಸಿಗರೇಟು, ಬೊಜ್ಜು ಕೂಡ ಅಪಾಯವೇ. ಖಿನ್ನತೆ, ‘ಬಗ್ಗಿದರೆ ಬೆನ್ನು ಹೋಗೇಬಿಡುತ್ತೆ’ ಅನ್ನೋ ಭಯ ನೋವನ್ನು ಇನ್ನಷ್ಟು ಎಳೆಯುತ್ತವೆ. ಜನ ಮರೆಯೋದು ಇದನ್ನೇ.

ಉತ್ತರ 2: ಎಂಆರ್‌ಐಗೆ ಅವಸರ ಬೇಡ. 40 ದಾಟಿದ, ನೋವೇ ಇಲ್ಲದವರಲ್ಲೂ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆತ ಸಾಮಾನ್ಯ; ಸ್ಕ್ಯಾನ್‌ನಲ್ಲಿ ಅದು ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅನ್ನೋಕಾಗಲ್ಲ. ಆದರೆ ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಉತ್ತರ 3: ವಾರಗಟ್ಟಲೆ ಮಲಗಬೇಡಿ, ಸ್ನಾಯು ಸೊರಗುತ್ತೆ. ಬಿಂದಿಗೆ ಎತ್ತುವಾಗ ಮೈಗೆ ಒತ್ತಿ ಹಿಡಿದು, ಸೊಂಟ ತಿರುಚದೆ ಪಾದ ಸಮೇತ ತಿರುಗಿ.