ಕಿಸುಮುಗೆ ಹೊರಟ ಮೇಷ್ಟ್ರುಗಳ ಪ್ರಶ್ನೆಗಳು, ಡಾಕ್ಟರ್ ಮೇಡಂ ಉತ್ತರಗಳು

ಅಡ್ಮಿನ್: ನಮ್ಮ ಗುಂಪಿನ 14 ಜನ ಮುಂದಿನ ತಿಂಗಳು ಕೀನ್ಯಾದ ಕಿಸುಮುಗೆ ಹೊರಟಿದ್ದೇವೆ. ಅಲ್ಲಿನ ಶಿಕ್ಷಕರಿಗೆ ನಮ್ಮ ನಲಿ-ಕಲಿ (ಕಾರ್ಡುಗಳಿಂದ ಆಡುತ್ತಾ ಕಲಿಸುವ ವಿಧಾನ) ಪಾಠಗಳನ್ನು ಮಾಡಿ ತೋರಿಸಬೇಕು. ಎರಡು ವಾರ ಇರುತ್ತೇವೆ. ಆರೋಗ್ಯದ ಬಗ್ಗೆ ಏನಿದ್ದರೂ ಇಲ್ಲೇ ಕೇಳಿ. ಫಾರ್ವರ್ಡ್ ಬೇಡ.

ಹಾಸನದ ಗಣಿತ ಮೇಷ್ಟ್ರು: ಹಳದಿ ಜ್ವರದ ಲಸಿಕೆ ಹಾಕಿಸಲೇಬೇಕಾ ಮೇಡಂ?

ಡಾಕ್ಟರ್: ಹಾಕಿಸಬೇಕು. ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದವರೇ ಕೇಳುತ್ತಾರೆ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೆ ಬೇರೆ ಇರಿಸಬಹುದು. ಲಸಿಕೆ ಹಾಕಿಸಿ 10 ದಿನ ಆದ ಮೇಲೇ ಕಾರ್ಡಿಗೆ ಬೆಲೆ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿ.

ತುಮಕೂರು ಟೀಚರ್: ನಾನು 2012ರಲ್ಲೇ ಹಾಕಿಸಿದ್ದೆ. ಕಾರ್ಡಿನಲ್ಲಿ 10 ವರ್ಷ ಅಂತಿದೆ.

ಡಾಕ್ಟರ್: ನಡೆಯುತ್ತದೆ. 2016ರ ಜುಲೈನಿಂದ ಹಳೆ ಕಾರ್ಡೂ ಜೀವಮಾನಕ್ಕೆ. ಕಳೆದುಕೊಳ್ಳಬೇಡಿ.

ಶಿರಸಿ ಟೀಚರ್: ನನಗೆ 58. ಬೆರಳಿನ ಗಂಟು ನೋವಿಗೆ ಭಾನುವಾರ ಮಾತ್ರ ಒಂದು ಮಾತ್ರೆ ತಗೊಳ್ತೇನೆ, ಮಾರನೇ ದಿನ ಫೋಲಿಕ್ ಆ್ಯಸಿಡ್. ದಿನಾ ಬೆಳಗ್ಗೆ ಇನ್ನೊಂದು ಪುಟ್ಟ ಬಿಳಿ ಮಾತ್ರೆ. ಇದಕ್ಕೂ ಲಸಿಕೆಗೂ ಸಂಬಂಧ ಇಲ್ಲ ಅಲ್ವಾ?

ಡಾಕ್ಟರ್: ಇದೆ ಟೀಚರ್. ಲಸಿಕೆಗೆ ಇನ್ನೂ ಹೋಗಿಲ್ಲ ತಾನೇ? ವಾರಕ್ಕೊಂದು ಮಾತ್ರೆ, ಜೊತೆಗೆ ಫೋಲಿಕ್ ಆ್ಯಸಿಡ್ ಅಂದರೆ ಅದು ಮೆಥೊಟ್ರೆಕ್ಸೇಟ್ ಇರಬೇಕು. ಬಿಳಿಯದು ಸ್ಟೀರಾಯ್ಡ್ ಇದ್ದರೂ ಇರಬಹುದು. ಎರಡೂ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಹಳದಿ ಜ್ವರದ ಲಸಿಕೆಯಲ್ಲಿ ಇರುವುದು ಜೀವಂತ ವೈರಸ್, ಶಕ್ತಿ ಕುಂದಿಸಿದ್ದು ಅಷ್ಟೇ. ಗಟ್ಟಿ ಆಳಿಗೆ ಎರಡು ದಿನ ಮೈಕೈ ನೋವು ಬಂದು ಹೋಗುತ್ತದೆ. ನಿಮ್ಮಂಥವರಲ್ಲಿ ಆ ವೈರಸ್ಸೇ ಕಾಯಿಲೆ ತರಬಹುದು. ಅಪರೂಪ, ಆದರೆ ಬಂದರೆ ಜೀವಕ್ಕೆ ಅಪಾಯ. ಲಸಿಕೆ ಕೇಂದ್ರದಲ್ಲಿ ಅವಸರಕ್ಕೆ 'ಏನೂ ಮಾತ್ರೆ ಇಲ್ಲ' ಅನ್ನಬೇಡಿ. ಲಸಿಕೆಗೋಸ್ಕರ ಮಾತ್ರೆ ನಿಲ್ಲಿಸಲೂ ಬೇಡಿ. ಒಂದು ವಾರ ಬಿಟ್ಟರೆ ಆ ಶಕ್ತಿ ವಾಪಸ್ ಬರಲ್ಲ, ಗಂಟು ಊದುತ್ತದೆ. ಸ್ಟೀರಾಯ್ಡ್ ಆಗಿದ್ದರೆ ಥಟ್ಟನೆ ನಿಲ್ಲಿಸುವುದೇ ಅಪಾಯ. ಮಾತ್ರೆಯ ಪಟ್ಟಿಯ ಫೋಟೋ ಹಾಕಿ, ಹೆಸರು ಕಾಣಬೇಕು.

ಮಂಡ್ಯದ ಮೇಷ್ಟ್ರು: ಹಳದಿ ಜ್ವರದ ಲಸಿಕೆ ಬೇಕಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಕೋಲಾರದ ಮೇಷ್ಟ್ರು: (ಬಂದಿದ್ದು) ಅಮೃತಬಳ್ಳಿ, ಪಪ್ಪಾಯಿ ಎಲೆ ರಸ 7 ದಿನ ಕುಡಿದರೆ ಮಲೇರಿಯಾ ಹತ್ತಿರ ಸುಳಿಯಲ್ಲ. ಇಂಗ್ಲಿಷ್ ಮಾತ್ರೆ ಲಿವರ್ ತಿನ್ನುತ್ತೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಕಿಸುಮು ಇರುವುದು ವಿಕ್ಟೋರಿಯಾ ಸರೋವರದ ದಂಡೆಯಲ್ಲಿ. ನೈರೋಬಿಯ ಎತ್ತರ ಅಲ್ಲಿಲ್ಲ, ಮಲೇರಿಯಾ ಜೋರು. ಅದೂ ಫಾಲ್ಸಿಪಾರಂ, ಮಿದುಳಿಗೆ ಏರುವ ಜಾತಿ. ಎಲೆ ರಸ ಅದನ್ನು ತಡೆಯಲ್ಲ. ಹಳೇ ಮಲೇರಿಯಾ ಮಾತ್ರೆ ಕ್ಲೋರೋಕ್ವಿನ್ನಿಗೂ ಅದು ಬಗ್ಗಲ್ಲ. ಮಲೇರಿಯಾ ತಡೆಯಲು ಡಾಕ್ಸಿಸೈಕ್ಲಿನ್ ಮಾತ್ರೆ ಆದರೆ ಹೊರಡುವ ಹಿಂದಿನ ದಿನದಿಂದ ದಿನಾ ಒಂದು, ಬಂದ ಮೇಲೂ 4 ವಾರ. ತುಂಬ ನೀರಿನ ಜೊತೆ ನುಂಗಿ, ತಕ್ಷಣ ಮಲಗಬೇಡಿ. ಗರ್ಭಿಣಿಯರಿಗೆ ಇದು ಬೇಡ, ನನ್ನನ್ನು ಬೇರೆಯಾಗಿ ಕೇಳಿ. ರಾತ್ರಿ ಸೊಳ್ಳೆ ಪರದೆ ಬೇಕೇ ಬೇಕು.

ಕೋಲಾರದ ಮೇಷ್ಟ್ರು: ನಮ್ಮಜ್ಜಿ ಕಷಾಯ ಕುಡಿದೇ 90 ವರ್ಷ ಬದುಕಿದ್ರು.

ಡಾಕ್ಟರ್: ಅಜ್ಜಿ ಕಿಸುಮುಗೆ ಹೋಗಿರಲಿಲ್ಲ.

ಚಾಮರಾಜನಗರದ ಟೀಚರ್: ರಾಗಿ ಹಿಟ್ಟು 5 ಕೆಜಿ ಒಯ್ಯಬಹುದಾ? ಅಲ್ಲಿ ಮುದ್ದೆ ಎಲ್ಲಿ ಸಿಗುತ್ತೆ?

ಹಾಸನದ ಗಣಿತ ಮೇಷ್ಟ್ರು: ರಾಗಿಯ ತವರೇ ಪೂರ್ವ ಆಫ್ರಿಕಾ ಟೀಚರ್. ಅಲ್ಲಿ 'ವಿಂಬಿ' ಅಂತಾರೆ, ಅಂಬಲಿ ಕಾಸಿ ಕುಡಿತಾರೆ.

ಮಂಡ್ಯದ ಮೇಷ್ಟ್ರು: ರಾಗಿ ನಮ್ಮದು ಸ್ವಾಮಿ. ಸುಮ್ನೆ ಎಲ್ಲಾ ಅವರಿಗೆ ಕೊಡಬೇಡಿ.

ಹಾಸನದ ಗಣಿತ ಮೇಷ್ಟ್ರು: ನಲಿ-ಕಲಿಯೂ ನಮ್ಮದೇನಾ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು ಆಂಧ್ರದ ರಿಷಿ ವ್ಯಾಲಿ ಶಾಲೆಯವರ ಪಾಠದ ಕಾರ್ಡುಗಳನ್ನು ನೋಡಿಕೊಂಡು.

ಮಂಡ್ಯದ ಮೇಷ್ಟ್ರು: ಒಂದೇ ಕೊಠಡಿಯಲ್ಲಿ ಮೂರು ತರಗತಿ ನಡೆಸೋದನ್ನ ಕಾರ್ಡ್ ಕಲಿಸಲ್ಲ. ಅದನ್ನ ನಾವು ಕಲಿತಿದ್ದು. ನೀವು ಹೈಸ್ಕೂಲಿನವರು, ಬಿಡಿ.

ಅಡ್ಮಿನ್: ಇಬ್ಬರೂ ಬೇರೆ ಕಡೆ ಜಗಳ ಆಡಿ.

ಬೀದರಿನ ಮೇಷ್ಟ್ರು: ಪಾಠದ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಒಯ್ಯಬಹುದಾ?

ತುಮಕೂರು ಟೀಚರ್: ಕೈಚೀಲದಂಥ ಕವರ್ ಬೇಡ ಸರ್, ಕೀನ್ಯಾದಲ್ಲಿ 2017ರಿಂದ ನಿಷೇಧ. ಬಟ್ಟೆ ಚೀಲ ಹೊಲಿಸಿ.

ಬೀದರಿನ ಮೇಷ್ಟ್ರು: ಬಿಪಿ ಮಾತ್ರೆ ಎಷ್ಟು ಒಯ್ಯಬಹುದು? ಅಲ್ಲಿನ ಪ್ಲಗ್ ಪಾಯಿಂಟ್ ಹೇಗಿರುತ್ತೆ?

ಶಿರಸಿ ಟೀಚರ್: ಮೇಡಂ, ಪಟ್ಟಿಯ ಫೋಟೋ ಹಾಕಿದೀನಿ. ಮೆಥೊಟ್ರೆಕ್ಸೇಟ್ 15 ಅಂತಿದೆ. ಬಿಳಿಯದು ಪ್ರೆಡ್ನಿಸೊಲೋನ್. ಹಾಗಾದ್ರೆ ನಾನು ಹೋಗೋ ಹಾಗಿಲ್ವಾ? ಕಥೆ ಹೇಳಿಸೋ ಪಾಠ ನನ್ನದು. ಬೊಂಬೆಗಳನ್ನೂ ಹೊಲಿದಾಗಿದೆ.

ಡಾಕ್ಟರ್: ನಾನೇ ಆಗಿದ್ದರೆ ಲಸಿಕೆ ಹಾಕುತ್ತಿರಲಿಲ್ಲ. ನಿಮ್ಮ ಗಂಟು ನೋವಿನ ಡಾಕ್ಟರ ಚೀಟಿ ಹಿಡಿದು ಲಸಿಕೆ ಕೇಂದ್ರಕ್ಕೇ ಹೋಗಿ. ಕಾರಣ ಬರೆದು ಲಸಿಕೆಯಿಂದ ವಿನಾಯಿತಿ ಪತ್ರ ಕೊಡಬಹುದು. ಅದಿದ್ದರೂ ವಾಪಸ್ ಬಂದಾಗ ನಿಮ್ಮನ್ನು 6 ದಿನ ಇರಿಸಿಕೊಂಡಾರು. ರಜೆ ಲೆಕ್ಕ ಹಾಕಿಕೊಳ್ಳಿ. ಅದಕ್ಕಿಂತ ದೊಡ್ಡದು, ಅಲ್ಲಿ ಲಸಿಕೆಯ ರಕ್ಷಣೆ ನಿಮಗಿರಲ್ಲ. ಹಳದಿ ಜ್ವರದ ಸೊಳ್ಳೆ ಹಗಲು ಹೊತ್ತಿನಲ್ಲಿ ಕಚ್ಚುತ್ತದೆ, ನೀವು ಪಾಠ ಮಾಡುವ ಹೊತ್ತಿನಲ್ಲೇ. ಹೋಗೋದಾ ಬೇಡವಾ ಅನ್ನೋದನ್ನ ನಿಮ್ಮ ಡಾಕ್ಟರ ಜೊತೆ ಕೂತು ತೀರ್ಮಾನಿಸಿ. ನಾಳೆ ಬೆಳಗ್ಗೆ ನನಗೆ ಫೋನ್ ಮಾಡಿ.

ಗದಗದ ಮೇಷ್ಟ್ರು: ಈಗಷ್ಟೇ ಗುಂಪಿಗೆ ಬಂದೆ. ಹಳದಿ ಜ್ವರದ ಲಸಿಕೆ...

ಡಾಕ್ಟರ್: ಮೇಲೆ.

ಬೀದರಿನ ಮೇಷ್ಟ್ರು: ಪ್ಲಗ್ ಪಾಯಿಂಟ್ ಕೇಳಿದ್ದೆ, ಯಾರೂ ಹೇಳಲಿಲ್ಲ.