ಶಾಸನದ ಅಕ್ಷರ ಓದಲು ಬರುವಂತೆ ಚಿತ್ರ ತೆಗೆಯುವ ಮೊಬೈಲ್ ಯಾವುದು?

ಪ್ರಶ್ನೆ: ನಿವೃತ್ತ ಕನ್ನಡ ಮೇಷ್ಟ್ರು, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ಮೂವತ್ತು ಸಾವಿರ ರೂಪಾಯಿಯೊಳಗೆ ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಅಂಗಡಿಯಲ್ಲಿ ಕೇಳಿದರೆ ಸೆಲ್ಫಿ ಬಹಳ ಚೆನ್ನಾಗಿ ಬರುತ್ತದೆ, ರೀಲ್ಸ್‌ಗೆ ಹೇಳಿ ಮಾಡಿಸಿದಂತಿದೆ ಎನ್ನುತ್ತಾರೆ. ಅರವತ್ತೆರಡು ದಾಟಿದ ನನಗೆ ಅವೆರಡೂ ಬೇಡವಾದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ನಿವೃತ್ತನಾದ ಮೇಲೆ ನಮ್ಮ ಸೀಮೆಯ ಕೆರೆ ಏರಿ, ಹೊಲದ ಬದು, ಗುಡಿಯ ಅಂಗಳಗಳಲ್ಲಿರುವ ಶಾಸನ ಮತ್ತು ವೀರಗಲ್ಲುಗಳ ಚಿತ್ರ ತೆಗೆದಿಡುವ ಹವ್ಯಾಸ ಹತ್ತಿಕೊಂಡಿದೆ. 1905ರಲ್ಲಿ ಬಿ. ಎಲ್. ರೈಸ್ ಹೊರತಂದ, ಶಾಸನಗಳ ಪಾಠವನ್ನು ಅಚ್ಚು ಮಾಡಿರುವ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟ ನನ್ನ ಆಧಾರ. ಅದು ಕೋಲಾರ ಜಿಲ್ಲೆಯ ಸಂಪುಟವಾದರೂ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಾದ್ದರಿಂದ ನಮ್ಮ ತಾಲ್ಲೂಕಿನ ಕಲ್ಲುಗಳೂ ಅದರಲ್ಲೇ ಇವೆ. ಅಚ್ಚಾದ ಪಾಠವನ್ನು ಕಲ್ಲಿನ ಮೇಲಿನ ಅಕ್ಷರಗಳೊಂದಿಗೆ ಮನೆಯಲ್ಲಿ ಕುಳಿತು ತಾಳೆ ನೋಡಬೇಕೆಂಬುದು ನನ್ನ ಆಸೆ.

ತೊಂದರೆ ಇರುವುದು ಅಲ್ಲೇ. ನನ್ನ ಈಗಿನ ಮೊಬೈಲಿಗೆ ನಾಲ್ಕು ವರ್ಷವಾಗಿದೆ. ಅದರ ಡಬ್ಬಿಯ ಮೇಲೆ 64 ಮೆಗಾಪಿಕ್ಸೆಲ್ ಎಂದು ದೊಡ್ಡದಾಗಿ ಬರೆದಿದ್ದರು. ಹೋದ ತಿಂಗಳು ಒಂದು ಕೆರೆ ಏರಿಯ ಬುಡದಲ್ಲಿ ಅಂಗಾತ ಬಿದ್ದಿರುವ ಕಲ್ಲನ್ನು ನೀರು ಹಾಕಿ ತೊಳೆದು, ಒಣಗಲು ಬಿಟ್ಟು, ಹನ್ನೊಂದೂವರೆ ಗಂಟೆಯ ಒಳ್ಳೆಯ ಬಿಸಿಲಿನಲ್ಲಿ ಹತ್ತಾರು ಚಿತ್ರ ತೆಗೆದೆ. ಬೆರಳಾಡಿಸಿದರೆ ತಿಳಿಯುತ್ತಿದ್ದ ಅಕ್ಷರಗಳು ಚಿತ್ರದಲ್ಲಿ ಮೇಣ ಸವರಿದಂತೆ ನುಣ್ಣಗಾಗಿವೆ. ಮೂರನೆಯ ಸಾಲಿನಲ್ಲಿ ಇರುವುದು ‘ಪ’ವೋ ‘ವ’ವೋ ಎಂಬುದು ಎಷ್ಟು ದೊಡ್ಡದು ಮಾಡಿ ನೋಡಿದರೂ ತೀರ್ಮಾನವಾಗಲಿಲ್ಲ.

108 ಅಥವಾ 200 ಮೆಗಾಪಿಕ್ಸೆಲ್ ಇರುವುದನ್ನು ತೆಗೆದುಕೊಂಡರೆ ಇದು ಸರಿಹೋಗುತ್ತದೆಯೇ? ತೀರಾ ಹತ್ತಿರದಿಂದ ಚಿತ್ರ ತೆಗೆಯುವ ಮ್ಯಾಕ್ರೋ ಲೆನ್ಸ್ ಎಂಬುದು ಬೇಕೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸ್ಟುಡಿಯೋ ನಡೆಸುವವನು, ತುಮಕೂರು

ಮೇಷ್ಟ್ರೇ, ನಮಸ್ಕಾರ. ಮೆಗಾಪಿಕ್ಸೆಲ್ ಸಂಖ್ಯೆಯನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. 50 ಮೆಗಾಪಿಕ್ಸೆಲ್ ಎಂದು ಮಾರುವ ಫೋನು ಸಾಮಾನ್ಯ ಬಳಕೆಯಲ್ಲಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ ಹನ್ನೆರಡೂವರೆ ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಕೊಡುತ್ತದೆ. 200 ಎನ್ನುವುದು ಹದಿನಾರನ್ನು ಒಂದು ಮಾಡಿ ಅಷ್ಟೇ ಚಿತ್ರ ಕೊಡುತ್ತದೆ. ಬೆಳಕು ಬೀಳುವ ಸೆನ್ಸರ್ ಎಷ್ಟು ದೊಡ್ಡದಿದೆ, ಲೆನ್ಸ್ ಎಷ್ಟು ಚೊಕ್ಕವಾಗಿದೆ ಎಂಬುದೇ ಮುಖ್ಯ. ಒಂದು ಗುಂಟೆ ಜಾಗವನ್ನು ಇನ್ನೂರು ಪಾತಿ ಮಾಡಿದ ಮಾತ್ರಕ್ಕೆ ಬೆಳೆ ಹೆಚ್ಚುವುದಿಲ್ಲವಲ್ಲ, ಹಾಗೆ.

ಆದರೆ ದೊಡ್ಡ ಸೆನ್ಸರ್‌ಗೂ ನಿಮ್ಮ ಕೆಲಸದಲ್ಲಿ ಒಂದು ತೊಡಕಿದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಸೆನ್ಸರ್ ದೊಡ್ಡದಾದಷ್ಟೂ ಹತ್ತಿರದ ವಸ್ತುವಿನಲ್ಲಿ ಫೋಕಸ್ ನಿಲ್ಲುವ ಪಟ್ಟಿ ತೆಳ್ಳಗಾಗುತ್ತದೆ. ಕಲ್ಲಿಗೆ ಒಂದು ಗೇಣು ದೂರದಲ್ಲಿ ಫೋನ್ ಹಿಡಿದರೆ ನಡುವಿನ ಅಕ್ಷರ ಸ್ಪಷ್ಟವಾಗಿ ಬಂದು ಅಂಚಿನ ಅಕ್ಷರಗಳು ಮಸುಕಾಗುತ್ತವೆ. ಅಲ್ಲದೆ ಮುಖ್ಯ ಲೆನ್ಸ್ ಅಗಲ ನೋಟದ್ದಾದ್ದರಿಂದ, ಅಷ್ಟು ಹತ್ತಿರದಲ್ಲಿ ಫೋನು ತುಸು ವಾಲಿದರೂ ಒಂದು ಕಡೆಯ ಅಕ್ಷರ ಹಿಗ್ಗಿ ಇನ್ನೊಂದು ಕಡೆಯದು ಕುಗ್ಗುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು ಎರಡು ಅಥವಾ ಮೂರು ಪಟ್ಟು ಜೂಮ್‌ನಲ್ಲಿ ತೆಗೆದರೆ ಎರಡೂ ತೊಂದರೆ ಬಹುಮಟ್ಟಿಗೆ ತಪ್ಪುತ್ತವೆ. ಆದ್ದರಿಂದ ನೀವು ಹುಡುಕಬೇಕಾದದ್ದು ನಿಜವಾದ ಟೆಲಿಫೋಟೋ ಲೆನ್ಸ್, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಪ್ರತ್ಯೇಕ ಲೆನ್ಸ್ ಇರುವ ಫೋನನ್ನು. ತೆಗೆದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಡಿಜಿಟಲ್ ಜೂಮ್ ನಿಮಗೆ ಪ್ರಯೋಜನವಿಲ್ಲ. ಎರಡನೆಯದಾಗಿ ಕೈನಡುಕವನ್ನು ಲೆನ್ಸಿನಲ್ಲೇ ಸರಿದೂಗಿಸುವ ಓಐಎಸ್ ಇರಬೇಕು.

ನಿಮ್ಮ ಬೆಲೆಯ ಆಸುಪಾಸಿನಲ್ಲಿ ಟೆಲಿಫೋಟೋ ಇರುವವು ಬಹಳವಿಲ್ಲ. 2025ರ ಮಾರ್ಚಿನಲ್ಲಿ ಬಂದ ನಥಿಂಗ್ ಫೋನ್ 3ಎ ಎರಡು ಪಟ್ಟಿನದು, ಆರಂಭದ ಬೆಲೆ 24,999 ರೂಪಾಯಿ ಇತ್ತು. ಅದರ ಪ್ರೋ ಮಾದರಿ ಮೂರು ಪಟ್ಟಿನದು, 29,999ರಿಂದ ಆರಂಭವಾಯಿತು. 2024ರ ಮೊಟೊರೋಲಾ ಎಡ್ಜ್ 50 ಪ್ರೋದಲ್ಲಿಯೂ ಮೂರು ಪಟ್ಟಿನ ಲೆನ್ಸ್ ಇದೆ. ಇನ್ನೂ ಕಡಿಮೆಯಲ್ಲಿ ಬೇಕೆಂದರೆ 18,999ಕ್ಕೆ ಬಂದ ಸಿಎಂಎಫ್ ಫೋನ್ 2 ಪ್ರೋದಲ್ಲಿ ಎರಡು ಪಟ್ಟಿನ ಲೆನ್ಸ್ ಸಿಗುತ್ತದೆ, ಆದರೆ ಓಐಎಸ್ ಇಲ್ಲ. ಇವು ಬಿಡುಗಡೆಯ ಹೊತ್ತಿನ ಬೆಲೆಗಳು, ಈಗಿನದನ್ನು ವಿಚಾರಿಸಿಕೊಳ್ಳಿ.

ಎರಡು ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಲೆನ್ಸ್ ಎಂಬುದು ಹಿಂಬದಿಯಲ್ಲಿ ಇನ್ನೊಂದು ಗುಂಡು ಕಾಣಲಿ ಎಂದು ಇಟ್ಟಿರುವ ಬೊಟ್ಟು, ಅಷ್ಟೇ. ಒಂದು ಅಂಗುಲದಷ್ಟು ಎತ್ತರದ ಅಕ್ಷರಕ್ಕೆ ಅದು ಬೇಕಿಲ್ಲ.

ಇನ್ನೊಂದು ಮಾತು. ಅದೇ ಹಣಕ್ಕೆ ಬಳಸಿದ ಡಿಎಸ್‌ಎಲ್‌ಆರ್ ಕ್ಯಾಮೆರಾ ಸಿಗುತ್ತದೆ, ಅದರ ಚಿತ್ರದ ಮುಂದೆ ಈ ಯಾವ ಫೋನೂ ನಿಲ್ಲುವುದಿಲ್ಲ. ವೃತ್ತಿಯವನಾಗಿ ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿರುವುದಿಲ್ಲ.

ಉತ್ತರ: ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು, ಕೋಲಾರ

ಸರ್, ಅಂಗಡಿಯವರ ಮೇಲೆ ಇಬ್ಬರೂ ಒಂದೊಂದು ಮಾತು ಹಾಕಿದ್ದೀರಿ. ಬರುವ ಹತ್ತು ಜನರಲ್ಲಿ ಎಂಟು ಜನ ಕೇಳುವುದೇ ಸೆಲ್ಫಿಯನ್ನಾದ್ದರಿಂದ ನಮ್ಮ ಬಾಯಿಗೂ ಅದೇ ಮೊದಲು ಬರುತ್ತದೆ. ಕೊಳ್ಳುವ ಮೊದಲು ಹೇಗೆ ಪರೀಕ್ಷಿಸಬೇಕೆಂಬುದನ್ನು ಮಾತ್ರ ನಾನು ಹೇಳುತ್ತೇನೆ.

ಅಂಗಡಿಯ ದೀಪದ ಕೆಳಗೆ ಯಾವ ಫೋನಿನ ಚಿತ್ರವೂ ಚೆಂದವಾಗಿಯೇ ಕಾಣುತ್ತದೆ, ಏಕೆಂದರೆ ನೋಡುವ ಪರದೆಯೇ ಚೆಂದವಾಗಿರುತ್ತದೆ. ಪ್ರದರ್ಶನಕ್ಕಿಟ್ಟ ಫೋನನ್ನು ಕೇಳಿ ಹೊರಗೆ ತಂದು, ಬಾಗಿಲ ಪಕ್ಕದ ಒರಟು ಗೋಡೆಯನ್ನೋ ಮೆಟ್ಟಿಲಿನ ಚಪ್ಪಡಿಯನ್ನೋ ಒಮ್ಮೆ ಮುಖ್ಯ ಲೆನ್ಸಿನಲ್ಲಿ, ಒಮ್ಮೆ ಜೂಮ್‌ನಲ್ಲಿ ತೆಗೆಯಿರಿ. ಆ ಚಿತ್ರಗಳನ್ನು ಕೇಬಲ್ ಹಾಕಿ ನಿಮ್ಮ ಪೆನ್ ಡ್ರೈವ್‌ಗೆ ಪ್ರತಿ ಮಾಡಿಕೊಂಡು ಮನೆಯ ಕಂಪ್ಯೂಟರಿನಲ್ಲಿ ನೋಡಿ. ಮರಳಿನ ಕಣ ಕಣವಾಗಿಯೇ ಕಂಡರೆ ಸರಿ, ಕಲಸಿದ ಹಿಟ್ಟಿನಂತೆ ಕಂಡರೆ ಅದು ಬೇಡ. ಜೂಮ್ ಒತ್ತಿದಾಗ ಟೆಲಿಫೋಟೋ ಲೆನ್ಸಿನ ಮೇಲೆ ಬೆರಳು ಮುಚ್ಚಿ ನೋಡಿ, ಪರದೆ ಕಪ್ಪಾಗಬೇಕು. ಬೆಳಕು ಕಡಿಮೆಯಿದ್ದಾಗ ಅಥವಾ ವಸ್ತು ತೀರಾ ಹತ್ತಿರವಿದ್ದಾಗ ಕೆಲವು ಫೋನುಗಳು ಸದ್ದಿಲ್ಲದೆ ಮುಖ್ಯ ಲೆನ್ಸಿಗೇ ಮರಳಿ ಅದನ್ನೇ ಹಿಗ್ಗಿಸಿ ತೋರಿಸುತ್ತವೆ.

ಬಿಲ್ಲಿನಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿದೆಯೇ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಮೂದಾಗಿದೆಯೇ ನೋಡಿಕೊಳ್ಳಿ. *#06# ಒತ್ತಿದರೆ ಪರದೆಯ ಮೇಲೆ ಬರುವ ಸಂಖ್ಯೆಯೂ ಬಿಲ್ಲಿನದೂ ಒಂದೇ ಆಗಿರಬೇಕು. ಬಳಸಿದ ಫೋನ್ ಕೊಳ್ಳುವುದಾದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಅದೇ ಸಂಖ್ಯೆಯನ್ನು ಹಾಕಿ ಪರಿಶೀಲಿಸಿ. ಕಳವಿನ ಫೋನೆಂದು ತಡೆಹಿಡಿದಿದ್ದರೆ ಅಲ್ಲಿ ತಿಳಿಯುತ್ತದೆ.

ಉತ್ತರ: ಶಾಸನಗಳನ್ನು ಅಭ್ಯಾಸ ಮಾಡುವವಳು, ಮುಳಬಾಗಿಲು

ಮೇಷ್ಟ್ರಿಗೆ ನಮಸ್ಕಾರಗಳು. ನೀವು ಕಲ್ಲು ಅಂಗಾತ ಬಿದ್ದಿತ್ತು ಎಂದೂ ಸಮಯ ಹನ್ನೊಂದೂವರೆ ಎಂದೂ ಬರೆದಿದ್ದೀರಿ. ಮೊಬೈಲಿನ ತಪ್ಪು ಸ್ವಲ್ಪ ಇರಬಹುದು, ಬಿಸಿಲಿನ ತಪ್ಪೇ ಹೆಚ್ಚು. ಕೊರೆದ ಅಕ್ಷರ ಕಣ್ಣಿಗೆ ಕಾಣುವುದು ಅದರ ಗೀರಿನೊಳಗೆ ಬೀಳುವ ನೆರಳಿನಿಂದ. ನೆಲದ ಮೇಲೆ ಮಲಗಿರುವ ಕಲ್ಲಿಗೆ ನಡುಹಗಲಿನಲ್ಲಿ ನೆತ್ತಿಯ ಮೇಲಿನ ಸೂರ್ಯ ನೇರವಾಗಿ ಬಿದ್ದರೆ ಗೀರಿನ ತಳವೂ ಕಲ್ಲಿನ ಮೈಯೂ ಒಂದೇ ಸಮನಾಗಿ ಬೆಳಗಿ ಅಕ್ಷರ ಮಾಯವಾಗುತ್ತದೆ. ಅಂಥ ಕಲ್ಲಿಗೆ ಬೆಳಗಿನ ಏಳು ಗಂಟೆ ಅಥವಾ ಸಂಜೆಯ ಐದೂವರೆಯ ಓರೆ ಬಿಸಿಲು ಬೇಕು. ನೆಟ್ಟಗೆ ನಿಂತ ಕಲ್ಲಿನ ಲೆಕ್ಕವೇ ಬೇರೆ: ಅದಕ್ಕೆ ನಡುಹಗಲಿನ ಬಿಸಿಲೇ ಮೇಲಿನಿಂದ ಮೈ ಸವರಿಕೊಂಡು ಇಳಿಯುತ್ತದೆ. ನಮ್ಮ ಭಾಗ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಉತ್ತರಕ್ಕೆ ಮುಖ ಮಾಡಿದ ಕಲ್ಲುಗಳನ್ನು ನಾನು ಆ ತಿಂಗಳುಗಳಿಗೇ ಎತ್ತಿಟ್ಟುಕೊಳ್ಳುತ್ತೇನೆ.

ಸೂರ್ಯನನ್ನು ಕಾಯಲಾಗದಿದ್ದರೆ ಒಂದು ಟಾರ್ಚ್ ಸಾಕು. ಹೊತ್ತು ಮುಳುಗಿದ ಮೇಲೆ, ಅಥವಾ ಛತ್ರಿಯನ್ನೋ ಪಂಚೆಯನ್ನೋ ಅಡ್ಡ ಹಿಡಿದು ನೆರಳು ಮಾಡಿಕೊಂಡು, ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ತಾಗುವಷ್ಟು ಓರೆಯಾಗಿ ಹಿಡಿಸಿ. ಫೋನನ್ನು ಟ್ರೈಪಾಡ್ ಮೇಲೆ ಅಲುಗಾಡದಂತೆ ನಿಲ್ಲಿಸಿ, ಮೂರು ಸೆಕೆಂಡಿನ ಟೈಮರ್ ಇಟ್ಟು, ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಚಿತ್ರ ತೆಗೆಯಿರಿ. ಇದು ಶಾಸ್ತ್ರಕ್ಕಾಗಿ ಹೇಳಿದ ನಾಲ್ಕಲ್ಲ. ಎಡಬಲದಿಂದ ಬಂದ ಬೆಳಕಿಗೆ ಉದ್ದ ಗೀರು ಮಾತ್ರ ನೆರಳು ಕೊಡುತ್ತದೆ; ಅಡ್ಡ ಗೀರು ಕಾಣಬೇಕಾದರೆ ಬೆಳಕು ಮೇಲಿನಿಂದಲೋ ಕೆಳಗಿನಿಂದಲೋ ಬರಬೇಕು. ನಿಮ್ಮ ‘ಪ’ ಮತ್ತು ‘ವ’ದ ವ್ಯತ್ಯಾಸ ಇರುವುದು ನೆತ್ತಿಯ ಅಡ್ಡ ಗೀರು ಕೂಡಿದೆಯೋ ಬಾಯಿ ತೆರೆದಿದೆಯೋ ಎಂಬುದರಲ್ಲಿ. ಒಂದೇ ಕಡೆಯ ಬೆಳಕಿನಲ್ಲಿ ಅದು ಬಗೆಹರಿಯುವುದಿಲ್ಲ. ಸೀಮೆಸುಣ್ಣ, ರಂಗೋಲಿ ಪುಡಿ ತುಂಬಿ ಅಕ್ಷರ ಎದ್ದು ಕಾಣಿಸುವ ರೂಢಿ ನಮ್ಮ ಕಡೆ ಇದೆ. ದಯವಿಟ್ಟು ಅದನ್ನು ಮಾಡಬೇಡಿ: ಹಾಗೆ ತುಂಬುವಾಗ ನಾವು ಓದಿದ್ದನ್ನೇ ಕಲ್ಲಿನ ಮೇಲೆ ಬರೆದಂತಾಗುತ್ತದೆ.

ಫೋನಿನ ವಿಷಯದಲ್ಲಿ ತುಮಕೂರಿನವರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಈಗಿನ ಫೋನುಗಳು ಹಲವು ಚಿತ್ರಗಳನ್ನು ಒಟ್ಟುಗೂಡಿಸಿ, ಅಂಚುಗಳನ್ನು ಚೂಪು ಮಾಡಿ, ಕಾಣದ್ದನ್ನು ಊಹಿಸಿ ತುಂಬುವ ಮಟ್ಟಕ್ಕೆ ಬಂದಿವೆ. 2023ರಲ್ಲಿ ಸ್ಯಾಮ್‌ಸಂಗ್ ಫೋನುಗಳ ಚಂದ್ರನ ಚಿತ್ರದ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ದೃಶ್ಯವನ್ನು ಚಂದ್ರನೆಂದು ಗುರುತಿಸಿ ಅದರ ವಿವರಗಳನ್ನು ತಂತ್ರಾಂಶವೇ ಹೆಚ್ಚಿಸುತ್ತದೆ ಎಂದು ಕಂಪನಿಯೇ ವಿವರಣೆ ಕೊಟ್ಟಿತು. ಚಂದ್ರನಿಗೆ ಅದರಿಂದ ನಷ್ಟವೇನಿಲ್ಲ. ಆದರೆ ಕಲ್ಲಿನ ಸೀಳೊಂದನ್ನು ಫೋನು ಚೂಪು ಮಾಡಿ ಕೊಂಬಿನಂತೆ ತೋರಿಸಿದರೆ ಇಲ್ಲದ ಉಕಾರವೊಂದು ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಎಐ ಸುಧಾರಣೆ, ಬ್ಯೂಟಿ ಮುಂತಾದವನ್ನು ಆರಿಸಲು ಬರುವಂಥ, ಸಾಧ್ಯವಾದರೆ ರಾ (ತಂತ್ರಾಂಶ ತಿದ್ದುವ ಮೊದಲಿನ) ಚಿತ್ರವನ್ನು ಉಳಿಸಿಕೊಡುವಂಥ ಫೋನನ್ನು ಆರಿಸಿಕೊಳ್ಳಿ. ಯಾರಿಗಾದರೂ ಕಳುಹಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಲಗತ್ತಿಸಿ. ಇಲ್ಲವಾದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಮೊದಲು ಅಳಿಯುವುದು ಆ ಸಣ್ಣ ಗೀರುಗಳೇ.

ಪ್ರಶ್ನೆ ಕೇಳಿದವರ ಮರುಮಾತು: ಚಿಂತಾಮಣಿ

ಮೂವರಿಗೂ ಧನ್ಯವಾದಗಳು. ಡಿಎಸ್‌ಎಲ್‌ಆರ್ ವಿಷಯ ನಿಜವೇ ಇರಬಹುದು, ಆದರೆ ಟಿವಿಎಸ್ ಎಕ್ಸೆಲ್ ಮೇಲೆ ನೀರಿನ ಕ್ಯಾನು, ಬ್ರಷ್ಷು, ಬುತ್ತಿ ಕಟ್ಟಿಕೊಂಡು ಹೋಗುವವನಿಗೆ ಅಂಗಿಯ ಜೇಬಿನಲ್ಲಿ ಕೂರುವುದೇ ಒಳ್ಳೆಯದು. ಊರಿನವರೂ ದೊಡ್ಡ ಕ್ಯಾಮೆರಾ ಕಂಡರೆ ನಿಧಿ ಹುಡುಕಲು ಬಂದವನೆಂದು ಸುತ್ತುವರಿಯುತ್ತಾರೆ. ಈ ಅನುಭವ ನನಗೆ ಆಗಿದೆ.

ಮುಳಬಾಗಿಲಿನ ಮೇಡಂ ಹೇಳಿದ್ದನ್ನು ಹೊಸ ಫೋನಿಗೆ ಕಾಯದೆ ಮೊನ್ನೆ ಸಂಜೆ ಹಳೆಯದರಲ್ಲೇ ಮಾಡಿ ನೋಡಿದೆ. ಮೊಮ್ಮಗನ ಕೈಗೆ ಟಾರ್ಚ್ ಕೊಟ್ಟು, ಫೋನನ್ನು ನೀರಿನ ಕ್ಯಾನಿನ ಮೇಲೆ ಅಂಚು ಮುಂದಕ್ಕೆ ಬರುವಂತೆ ಮಲಗಿಸಿ, ಬೀಳದಂತೆ ಕಲ್ಲೊಂದನ್ನು ಹೇರಿದೆ. ಎಡಬಲದ ಬೆಳಕಿನಲ್ಲಿ ಆ ಅಕ್ಷರ ‘ಪ’ದಂತೆಯೇ ಕಂಡಿತು. ಹುಡುಗ ಬೇಸರಪಟ್ಟು ಕಲ್ಲಿನ ತಲೆಯ ಕಡೆಗೆ ಹೋಗಿ ಕುಳಿತು ಟಾರ್ಚನ್ನು ನೆಲಕ್ಕೆ ಇಟ್ಟಾಗ ನೆತ್ತಿಯ ಮೇಲೆ ಕೂದಲಿನಷ್ಟು ನೆರಳು ಬಿತ್ತು. ಅದು ‘ವ’. ಪುಸ್ತಕದಲ್ಲಿಯೂ ‘ವ’ ಎಂದೇ ಇದೆ, ತಪ್ಪು ಓದಿದ್ದವನು ನಾನು.

ಆದರೂ ಕೆಳಗಿನ ಎರಡು ಸಾಲುಗಳು ಮೇಣದಂತೆಯೇ ಇವೆ, ಅಲ್ಲಿ ಹಳೆಯ ಫೋನಿನ ಕೈಲಾಗುತ್ತಿಲ್ಲ. ಹಾಗಾಗಿ ಮೂರು ಪಟ್ಟಿನ ಲೆನ್ಸ್ ಇರುವುದನ್ನೇ ನೋಡಲು ಬರುವ ಸೋಮವಾರ ಪೆನ್ ಡ್ರೈವ್ ಜೇಬಿಗಿಟ್ಟುಕೊಂಡು ಅಂಗಡಿಗೆ ಹೋಗುತ್ತೇನೆ. ಉಳಿದಿರುವ ಸಂದೇಹ ಒಂದೇ: ನೆಲದ ಮೇಲೆ ಮಲಗಿರುವ ಕಲ್ಲಿನತ್ತ ಫೋನನ್ನು ಪೂರ್ತಿ ಕೆಳಮುಖವಾಗಿ ಹಿಡಿಯುವ, ಮಡಚಿದರೆ ಗಾಡಿಯ ಚೀಲದಲ್ಲಿ ಹಿಡಿಸುವ ಟ್ರೈಪಾಡ್ ಯಾವುದಿದೆ?