ಸಿಂಗಲ್ ರೂಪದಲ್ಲೇ ಕೇಳಬೇಕಾದ ಹಳೆಯ ಸೋಲ್ ಮತ್ತು ಪಾಪ್ ಹಾಡುಗಳು ಯಾವುವು?

ಏಳಿಂಚು ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಸಂಗ್ರಹದಲ್ಲಿ 1960ರ ದಶಕದ ಆರಂಭದಿಂದ 1970ರ ದಶಕದ ನಡುಭಾಗದವರೆಗಿನ ಅಮೆರಿಕದ ಸೋಲ್ (ಚರ್ಚಿನ ಹಾಡಿನ ಛಾಯೆಯುಳ್ಳ, ಕರಿಯರ ಜನಪ್ರಿಯ ಸಂಗೀತ) ಮತ್ತು ಪಾಪ್ ಸಿಂಗಲ್‌ಗಳು, ಅಂದರೆ ಬದಿಗೊಂದು ಹಾಡಿರುವ ರೆಕಾರ್ಡುಗಳು, ಸುಮಾರು ನೂರಿಪ್ಪತ್ತು ಇವೆ. ಎಲ್ಲವೂ ನಿಮಿಷಕ್ಕೆ 45 ಸುತ್ತು ತಿರುಗುವ ಏಳಿಂಚಿನ ರೆಕಾರ್ಡುಗಳು. ಈ ಹಾಡುಗಳಲ್ಲಿ ಬಹುಪಾಲನ್ನು ನಾನು ಮೊದಲು ಕೇಳಿದ್ದು ಸಿ.ಡಿ.ಗಳಲ್ಲಿ, ಆಮೇಲೆ ಅಂತರಜಾಲದಲ್ಲಿ. ರೆಕಾರ್ಡುಗಳು ಕೈಗೆ ಬಂದದ್ದು ತೀರಾ ತಡವಾಗಿ. ಆದ್ದರಿಂದ, ಪರಿಚಿತ ಹಾಡುಗಳ ಹಳೆಯ ಪ್ರತಿಗಳು ನನ್ನ ಬಳಿ ಇವೆ ಎಂಬುದಕ್ಕಿಂತ ಹೆಚ್ಚಿನ ಅರ್ಥ ಅವುಗಳಿಗೆ ಇದೆಯೆಂದು ನನಗೆ ಬಹಳ ಕಾಲ ಅನ್ನಿಸಿರಲಿಲ್ಲ.

ಕಳೆದ ವಾರ ರೈಚಸ್ ಬ್ರದರ್ಸ್ ಜೋಡಿಯ ‘ಯೂವ್ ಲಾಸ್ಟ್ ದಟ್ ಲವಿನ್ ಫೀಲಿನ್’ ಸಿಂಗಲ್ ಹಾಕಿದೆ. 1964ರ ರೆಕಾರ್ಡ್ ಅದು. ಫಿಲ್ ಸ್ಪೆಕ್ಟರ್ ನಿರ್ಮಾಣ. ತಿರುಗುವ ಮುನ್ನ ತಟ್ಟೆಯ ನಡುವಿನ ಕಾಗದದ ಲೇಬಲನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಾಗ ಹಾಡಿನ ಅವಧಿ 3:05 ಎಂದು ಅಚ್ಚಾಗಿತ್ತು. ಹಾಡು ಮುಗಿದಾಗ ಗಡಿಯಾರ ನೋಡಿದರೆ ಮೂರೂಮುಕ್ಕಾಲು ನಿಮಿಷದ ಆಸುಪಾಸು ಕಳೆದಿತ್ತು. ಅಷ್ಟು ಉದ್ದದ ಹಾಡನ್ನು ಅಂದಿನ ರೇಡಿಯೊ ಕೇಂದ್ರಗಳು ಹಾಕಲು ಹಿಂಜರಿಯುತ್ತಿದ್ದುದರಿಂದ ಲೇಬಲ್ ಮೇಲೆ ಬೇಕೆಂದೇ ಕಡಿಮೆ ಅವಧಿಯನ್ನು ಅಚ್ಚು ಹಾಕಿಸಿದ್ದರಂತೆ. ಈ ಸಂಗತಿಯನ್ನು ಎಲ್ಲೋ ಓದಿದ್ದೆ. ಆದರೆ ಆ ಸಂಖ್ಯೆಯನ್ನು ನನ್ನ ಕೈಯಲ್ಲೇ ಹಿಡಿದು, ಬಿಲ್ ಮೆಡ್ಲಿಯ ತಗ್ಗಿದ ದನಿ ನಿಧಾನವಾಗಿ ಮೇಲೇರಿ ಕೊನೆಗೆ ಬಾಬಿ ಹ್ಯಾಟ್‌ಫೀಲ್ಡ್‌ನ ದನಿಯೊಡನೆ ಸವಾಲು ಜವಾಬಿಗೆ ನಿಲ್ಲುವವರೆಗೂ ಕೇಳಿದ ಮೇಲೆ, ಈ ಪುಟ್ಟ ತಟ್ಟೆ ಹಾಡಿನ ನಕಲಲ್ಲ, ಹಾಡು ಲೋಕಕ್ಕೆ ಬಂದ ಮೂಲ ರೂಪವೇ ಇದು ಎಂಬ ಭಾವನೆ ಬಲವಾಯಿತು.

ಆದ್ದರಿಂದ ತಮ್ಮಲ್ಲಿ ಕೇಳುತ್ತಿದ್ದೇನೆ. ತಮ್ಮ ಸಂಗ್ರಹದಲ್ಲಿ ‘ಇದನ್ನು ಸಿಂಗಲ್ ರೂಪದಲ್ಲೇ ಕೇಳಬೇಕು’ ಎಂದು ಒತ್ತಿ ಹೇಳಬಹುದಾದ ರೆಕಾರ್ಡುಗಳು ಯಾವುವು? ಹಾಡು ಚೆನ್ನಾಗಿದೆ ಎಂಬ ಕಾರಣಕ್ಕಿಂತಲೂ, ಆ ತಟ್ಟೆಯಲ್ಲಿ ಮಾತ್ರ ಸಿಗುವಂಥದ್ದು ಏನಿದೆ ಎಂಬುದನ್ನು ತಿಳಿಯುವ ಆಸೆ ನನ್ನದು.

ಮೋನೋಪ್ರಿಯ ಅವರ ಉತ್ತರ:

ತಮ್ಮ ಪ್ರಶ್ನೆಗೆ ನನ್ನ ಉತ್ತರ ಡೆಟ್ರಾಯಿಟ್ ನಗರದ ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡ್ ರಸ್ತೆಯ 2648ನೆಯ ಸಂಖ್ಯೆಯ ಮನೆಯಿಂದಲೇ ಶುರುವಾಗಬೇಕು. ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಆರಂಭಿಸಿದ ಸಂಸ್ಥೆ ಮುಂದೆ ಮೋಟೌನ್ ಎಂದು ಹೆಸರಾಯಿತು. ಆ ಮನೆಯ ಹಿಂಭಾಗದ ಸಣ್ಣ ಸ್ಟುಡಿಯೊದಲ್ಲಿ ವಾದಕರು ಒಬ್ಬರಿಗೊಬ್ಬರು ತಾಗುವಂತೆ ಕುಳಿತು ನುಡಿಸುತ್ತಿದ್ದರು. ಆ ಜಾಗವನ್ನು ಅವರು ‘ಹಾವಿನ ಗುಂಡಿ’ ಎನ್ನುತ್ತಿದ್ದರು.

ಆ ಕಾಲದ ಅಮೆರಿಕದಲ್ಲಿ ಯುವಕರು ಹಾಡು ಕೇಳುತ್ತಿದ್ದುದು ಕಾರಿನ ರೇಡಿಯೊದಲ್ಲಿ ಅಥವಾ ಒಂದೇ ಸ್ಪೀಕರಿನ ಪುಟ್ಟ ಪ್ಲೇಯರಿನಲ್ಲಿ. ಸಿಂಗಲ್ಲಿನ ಮಿಶ್ರಣವನ್ನು ಆ ಒಂದೇ ಸ್ಪೀಕರಿಗೆಂದೇ, ಮೋನೋದಲ್ಲಿ, ಅಂದರೆ ಎಲ್ಲ ದನಿಗಳನ್ನೂ ಒಂದೇ ಚಾನೆಲ್ಲಿಗೆ ಸೇರಿಸಿ, ಮತ್ತೆ ಮತ್ತೆ ತಿದ್ದಿ ತಯಾರಿಸುತ್ತಿದ್ದರು. ಹಲವು ಹಾಡುಗಳ ದೊಡ್ಡ ರೆಕಾರ್ಡಾದ ಎಲ್‌.ಪಿ.ಯ ಸ್ಟೀರಿಯೊ ರೂಪ, ಅಂದರೆ ಎರಡು ಸ್ಪೀಕರುಗಳಿಗೆ ಹಂಚಿದ ರೂಪ, ಬೇರೆಯದೇ ಕೆಲಸ. ಎಷ್ಟೋ ಸಲ ಅದರಲ್ಲಿ ತಾಳವಾದ್ಯಗಳು ಒಂದು ಬದಿಗೂ ಗಾಯನ ಇನ್ನೊಂದು ಬದಿಗೂ ಸರಿದು, ನಡುವೆ ಪೊಳ್ಳಾದಂತೆ ಕೇಳಿಸುತ್ತದೆ. ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ ಸಿಂಗಲ್ ಹಾಕಿ ಮೊದಲ ಹತ್ತು ಸೆಕೆಂಡ್ ಗಮನವಿಟ್ಟು ಕೇಳಿ. ಜೇಮ್ಸ್ ಜೇಮರ್ಸನ್ ಅವರ ಬೇಸ್ ಒಂಟಿಯಾಗಿ ಎದೆ ಬಡಿತದಂತೆ ಶುರುವಾಗುತ್ತದೆ, ಅದರ ಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಮೆಟ್ಟಿಲು ಹತ್ತಿದಂತೆ ಏರುತ್ತದೆ, ಆಮೇಲಷ್ಟೇ ಡೇವಿಡ್ ರಫಿನ್ ಹಾಡತೊಡಗುತ್ತಾರೆ. ಮೋನೋದಲ್ಲಿ ಈ ಮೂರೂ ಒಂದೇ ಬಿಂದುವಿನಿಂದ, ಒಂದರ ಬೆನ್ನಿಗೆ ಒಂದು ಆತುಕೊಂಡು ಬರುತ್ತವೆ. ಇಂಥ ವಾದಕರ ಹೆಸರು ಈ ಲೇಬಲ್ಲುಗಳಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನೂ ಗಮನಿಸಿ. ಮೋಟೌನ್ ತನ್ನ ವಾದಕರ ಹೆಸರನ್ನು ಮುದ್ರಿಸಿದ್ದು 1971ರ ಮಾರ್ವಿನ್ ಗೇ ಎಲ್‌.ಪಿ.ಯ ಹೊದಿಕೆಯ ಮೇಲೆ. ರೆಕಾರ್ಡ್ ಕೈಯಲ್ಲಿ ಹಿಡಿದಾಗಲೆಲ್ಲ ಈ ಕೊರತೆ ನನ್ನನ್ನು ನೋಯಿಸುತ್ತದೆ.

ಇನ್ನೊಂದು ಸಲಹೆ. ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಹಾಡಿನ ಎರಡು ಸಿಂಗಲ್‌ಗಳನ್ನು ಒಂದರ ಹಿಂದೆ ಒಂದರಂತೆ ಕೇಳಿ. 1967ರಲ್ಲಿ ಮೋಟೌನ್ ಸಂಸ್ಥೆಯದೇ ಇನ್ನೊಂದು ಲೇಬಲ್ (ಬ್ರ್ಯಾಂಡ್ ಹೆಸರು) ಆದ ‘ಸೋಲ್’ನಲ್ಲಿ ಬಂದ ಗ್ಲಾಡಿಸ್ ನೈಟ್ ಮತ್ತು ಪಿಪ್ಸ್ ತಂಡದ್ದು ಚರ್ಚಿನ ಹಾಡಿನ ಕಸುವಿನಿಂದ ನುಗ್ಗುತ್ತದೆ. ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಅದಕ್ಕೂ ಮೊದಲೇ ಮಾರ್ವಿನ್ ಗೇ ಹಾಡಿ ಮುಗಿಸಿದ್ದ ರೂಪವನ್ನು ಗಾರ್ಡಿ ಒಪ್ಪದೆ ತಡೆಹಿಡಿದಿದ್ದರು. ಆಮೇಲೆ ಎಲ್‌.ಪಿ.ಯೊಂದರಲ್ಲಿ ಅದು ಸೇರಿಕೊಂಡಾಗ ರೇಡಿಯೊ ನಿರೂಪಕರು ಅದನ್ನೇ ಹಾಕತೊಡಗಿ, 1968ರ ಕೊನೆಯಲ್ಲಿ ಸಿಂಗಲ್ ಆಗಿ ಬಂದು, ಏಳು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಎರಡನ್ನೂ ನಿರ್ಮಿಸಿದವರು ನಾರ್ಮನ್ ವಿಟ್‌ಫೀಲ್ಡ್. ಮಾರ್ವಿನ್ ಗೇಯವರಿಗೆ ಸುಲಭವಾದ ಶ್ರುತಿಗಿಂತ ಮೇಲಿನ ಶ್ರುತಿಯನ್ನು ಅವರು ಹಟ ಹಿಡಿದು ಇಟ್ಟಿದ್ದರಿಂದ, ದನಿ ಬಿರಿಯುವಂತಾಗುವ ಕಡೆಯಲ್ಲೇ ಹಾಡಿನ ಸಂಕಟ ಹುಟ್ಟುತ್ತದೆ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು ಎಂದರೆ ನಾನು ಮಾರ್ವಿನ್ ಅವರದ್ದನ್ನೇ ಇಟ್ಟುಕೊಳ್ಳುತ್ತೇನೆ.

ಹಿಂಬದಿ ಅವರ ಉತ್ತರ:

ಮೋನೋಪ್ರಿಯ ಅವರ ಮಾತಿಗೆ ನನ್ನ ಸಮ್ಮತಿಯಿದೆ. ಆದರೆ ಸಿಂಗಲ್ಲಿಗೆ ಮಾತ್ರ ಸಲ್ಲುವ ನಿಜವಾದ ಸೊಗಸು ಅದರ ಇನ್ನೊಂದು ಮಗ್ಗುಲಿನಲ್ಲಿದೆ ಎಂದು ನಾನು ನಂಬಿದ್ದೇನೆ. ಸಂಸ್ಥೆ ಆರಿಸಿದ್ದು ಒಂದು ಹಾಡು, ಜನ ಒಪ್ಪಿಕೊಂಡದ್ದು ತಿರುವಿ ಹಾಕಿದ ಹಾಡು ಎಂಬ ಪ್ರಸಂಗ ಈ ಸಂಗೀತದಲ್ಲಿ ಮತ್ತೆ ಮತ್ತೆ ಬರುತ್ತದೆ.

ಬಿಲ್ ವಿದರ್ಸ್ ಅವರ, ಸಸೆಕ್ಸ್ ಲೇಬಲ್ಲಿನ 1971ರ ಸಿಂಗಲ್ ತೆಗೆದುಕೊಳ್ಳಿ. ಅದರ ಮುಖ್ಯ ಬದಿ ‘ಹಾರ್ಲೆಮ್’. ಹಿಂಬದಿಯಲ್ಲಿದ್ದದ್ದು ‘ಏಂಟ್ ನೋ ಸನ್‌ಶೈನ್’. ಎರಡು ನಿಮಿಷಕ್ಕಿಂತ ಕೆಲವೇ ಸೆಕೆಂಡ್ ಹೆಚ್ಚಿರುವ ಈ ಹಾಡನ್ನು ರೇಡಿಯೊ ನಿರೂಪಕರು ತಿರುವಿ ಹಾಕಿದರು, ಅದು ಅಮೆರಿಕದ ಪಟ್ಟಿಯಲ್ಲಿ ಮೂರನೆಯ ಸ್ಥಾನ ತಲುಪಿತು. ಹಾಡಿದವರು ಆಗ ವಿಮಾನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಕೆಲಸಗಾರರು. ನಡುವಿನಲ್ಲಿ ಒಂದೇ ಪುಟ್ಟ ಮಾತನ್ನು ಅವರು 26 ಬಾರಿ ಹೇಳುತ್ತಾರೆ. ಅಲ್ಲಿ ಬೇರೆ ಸಾಹಿತ್ಯ ಬರೆಯಬೇಕೆಂದಿದ್ದ ಅವರನ್ನು ಜೊತೆಯಲ್ಲಿದ್ದ ಅನುಭವಿ ವಾದಕರು ತಡೆದು, ಹಾಗೆಯೇ ಬಿಡಲು ಹೇಳಿದ್ದರಂತೆ. ನನ್ನ ಪ್ರತಿಯಲ್ಲಿ ಆ ಭಾಗ ಬರುವಾಗ ವಾದ್ಯಗಳೆಲ್ಲ ಹಿಂದೆ ಸರಿದು ದನಿ ಮತ್ತು ತಾಳ ಮಾತ್ರ ಉಳಿಯುವುದರಿಂದ ರೆಕಾರ್ಡಿನ ಸಣ್ಣ ಚಿಟಿಚಿಟಿಯೂ ಕೇಳಿಸುತ್ತದೆ. ನನಗೆ ಅದು ತೊಂದರೆಯೆನಿಸಿಲ್ಲ.

ಮೆಂಫಿಸ್‌ನ ಸ್ಟ್ಯಾಕ್ಸ್ ಸಂಸ್ಥೆಯದ್ದೂ ಇಂಥದ್ದೇ ಕತೆ. ಹಳೆಯ ಚಿತ್ರಮಂದಿರವನ್ನೇ ಸ್ಟುಡಿಯೊ ಮಾಡಿಕೊಂಡು, ಪ್ರೇಕ್ಷಕರ ಕುರ್ಚಿಗಳಿದ್ದ ಇಳಿಜಾರು ನೆಲವನ್ನು ಹಾಗೆಯೇ ಉಳಿಸಿಕೊಂಡ ಜಾಗ ಅದು. 1962ರಲ್ಲಿ ಬುಕರ್ ಟಿ. ಮತ್ತು ಎಂ.ಜಿ.ಸ್ ತಂಡದ ‘ಬಿಹೇವ್ ಯುವರ್‌ಸೆಲ್ಫ್’ ಸಿಂಗಲ್ಲಿಗೆ ಹಿಂಬದಿ ಬೇಕಾದಾಗ ನುಡಿಸಿದ್ದು ‘ಗ್ರೀನ್ ಆನಿಯನ್ಸ್’. ಆರ್ಗನ್ ನುಡಿಸಿದ ಬುಕರ್ ಅವರಿಗೆ ಆಗ ಹದಿನೇಳು ವರ್ಷ. ಮೊದಲು ವೋಲ್ಟ್ ಲೇಬಲ್ಲಿನಲ್ಲಿ ಹಿಂಬದಿಯಾಗಿ ಬಂದ ಅದು, ಬೇಗನೆ ಸ್ಟ್ಯಾಕ್ಸ್ ಲೇಬಲ್ಲಿನಲ್ಲಿ ಮುಖ್ಯ ಬದಿಯಾಗಿ ಮತ್ತೆ ಬಂತು.

ಆದರೂ ಸಿಂಗಲ್ಲೇ ಯಾವಾಗಲೂ ಮೇಲು ಎಂದು ಹೇಳಲಾರೆ. ಸ್ಯಾಮ್ ಕುಕ್ ಅವರ ‘ಎ ಚೇಂಜ್ ಈಸ್ ಗಾನಾ ಕಮ್’ 1964ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ, ‘ಶೇಕ್’ ಸಿಂಗಲ್ಲಿನ ಹಿಂಬದಿಯಾಗಿ ಬಂದಾಗ, ಊರಿನ ಸಾರ್ವಜನಿಕ ಜಾಗಗಳಿಂದ ಕರಿಯರನ್ನು ಹೊರಗಿಡುವುದನ್ನು ನೇರವಾಗಿ ಹೇಳುವ ಚರಣವನ್ನೇ ಕತ್ತರಿಸಿದ್ದರು. ಅದೇ ವರ್ಷದ ಎಲ್‌.ಪಿ.ಯಲ್ಲಿ ಆ ಚರಣ ಇದೆ. ಸಿಂಗಲ್ ನನ್ನ ಬಳಿ ಇದೆ, ಜೋಪಾನವಾಗಿಯೇ ಇಟ್ಟಿದ್ದೇನೆ. ಆದರೆ ಹಾಡು ಕೇಳಬೇಕೆನಿಸಿದಾಗ ನಾನು ಕೈ ಚಾಚುವುದು ಎಲ್‌.ಪಿ.ಯ ಕಡೆಗೆ.

ಏಳಿಂಚು ಅವರ ಮರುಪ್ರಶ್ನೆ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ಯಾಮ್ ಕುಕ್ ಅವರ ಸಿಂಗಲ್ಲಿನಲ್ಲಿ ಒಂದು ಚರಣವೇ ಇಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ನಿನ್ನೆ ಎರಡನ್ನೂ ಕೇಳಿದೆ, ಮನಸ್ಸು ಭಾರವಾಯಿತು.

ಒಂದು ತೊಡಕಿನ ಬಗ್ಗೆ ಕೇಳಬೇಕಾಗಿದೆ. ಅರೀಥಾ ಫ್ರ್ಯಾಂಕ್ಲಿನ್ ಅವರ ‘ರೆಸ್ಪೆಕ್ಟ್’ ಸಿಂಗಲ್ಲಿನ, ಅಟ್ಲಾಂಟಿಕ್ ಲೇಬಲ್ಲಿನ ಎರಡು ಪ್ರತಿಗಳು ನನ್ನಲ್ಲಿವೆ. ಒಂದರಲ್ಲಿ ಅವರು ಶೀರ್ಷಿಕೆಯ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವಾಗ ‘ಎಸ್’ ಅಕ್ಷರ ಬಂದ ಕಡೆ ಮರಳು ಉಜ್ಜಿದಂಥ ಕರ್ಕಶ ಸದ್ದು ಬರುತ್ತದೆ. ಇನ್ನೊಂದರಲ್ಲಿ ಆ ಅಕ್ಷರ ಸ್ವಚ್ಛವಾಗಿದೆ. ಕಣ್ಣಿಗೆ ಎರಡೂ ಒಂದೇ ರೀತಿ ಹೊಳೆಯುತ್ತವೆ, ಗೀರುಗಳಿಲ್ಲ. ಇದು ರೆಕಾರ್ಡಿನ ಗೆರೆಯಲ್ಲಿ ಓಡುವ ಪ್ಲೇಯರಿನ ಮುಳ್ಳಿನ ದೋಷವೋ, ರೆಕಾರ್ಡಿನದೋ?

ಕಪ್ಪುಗೆರೆ ಅವರ ಉತ್ತರ:

ಮುಳ್ಳು ಒಂದೇ ಆಗಿದ್ದು ಒಂದು ಪ್ರತಿ ಸ್ವಚ್ಛವಾಗಿ ಕೇಳಿಸುತ್ತಿದೆಯಾದರೆ ದೋಷ ರೆಕಾರ್ಡಿನದೇ. ಜನಪ್ರಿಯ ಸಿಂಗಲ್ಲೊಂದನ್ನು ಅಮೆರಿಕದಲ್ಲಿ ಏಕಕಾಲಕ್ಕೆ ಹಲವು ಕಾರ್ಖಾನೆಗಳಲ್ಲಿ ತಯಾರಿಸುತ್ತಿದ್ದರು, ಎಲ್ಲ ಕಡೆಯೂ ಒಂದೇ ವಸ್ತುವನ್ನು ಬಳಸುತ್ತಿರಲಿಲ್ಲ. ಕೆಲವು ಕಡೆ ವಿನೈಲ್ ಎಂಬ ಪ್ಲಾಸ್ಟಿಕ್ಕನ್ನು ಒತ್ತಿ ತಯಾರಿಸಿದರೆ, ಇನ್ನು ಕೆಲವು ಕಡೆ ಪಾಲಿಸ್ಟೈರೀನ್ (ಚಿಕ್ಕದಾಗಿ ಸ್ಟೈರೀನ್) ಎಂಬ ಇನ್ನೊಂದು ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿನೊಳಗೆ ತುಂಬಿ ತಯಾರಿಸುತ್ತಿದ್ದರು. ಸ್ಟೈರೀನ್ ತಟ್ಟೆ ಹೊಸದಿದ್ದಾಗ ಬಹಳ ಚೆನ್ನಾಗಿ ಕೇಳಿಸುತ್ತದೆ, ಆದರೆ ಸವೆದ ಮುಳ್ಳನ್ನು ಅದು ಸಹಿಸುವುದಿಲ್ಲ. ಹಿಂದಿನ ಮಾಲೀಕರು ಹಳೆಯ ಮುಳ್ಳಿನಿಂದ ಕೆಲವೇ ಸಲ ಕೇಳಿದ್ದರೂ ಗೆರೆಯ ಗೋಡೆ ಉದುರಿ, ‘ಸ’ಕಾರದಂಥ ಸೂಕ್ಷ್ಮ ದನಿಗಳು ಮೊದಲು ಹಾಳಾಗುತ್ತವೆ. ಅದು ಕಣ್ಣಿಗೆ ಕಾಣಲೇಬೇಕೆಂದಿಲ್ಲ.

ಪರೀಕ್ಷೆ ಸುಲಭ. ತಟ್ಟೆಯನ್ನು ನಡುವಿನ ತೂತಿಗೆ ಬೆರಳು ಹಾಕಿ ಎತ್ತಿ ಹಿಡಿದು, ಅಂಚನ್ನು ಉಗುರಿನಿಂದ ಮೆಲ್ಲನೆ ತಟ್ಟಿ. ವಿನೈಲ್ ಆದರೆ ಮಂದ ಸದ್ದು; ಸ್ಟೈರೀನ್ ಆದರೆ ಗಾಜಿನ ಹತ್ತಿರದ ಟಿಣ್ ಎಂಬ ಸದ್ದು. ಸ್ಟೈರೀನ್ ತಟ್ಟೆ ಹಗುರ, ಲೇಬಲ್ ಎಷ್ಟೋ ಸಲ ಮೇಲೆ ಅಂಟಿಸಿದ್ದಾಗಿರುತ್ತದೆ. ದಯವಿಟ್ಟು ಬಗ್ಗಿಸಿ ನೋಡಬೇಡಿ. ನಾನು ಹಾಗೆ ಮಾಡಿ ಒಂದು ಒಳ್ಳೆಯ ಸಿಂಗಲ್ಲನ್ನು ಎರಡು ತುಂಡು ಮಾಡಿದ್ದೇನೆ, ಆ ನೋವು ಇನ್ನೂ ಇದೆ. ತೊಳೆಯುವಾಗ ಆಲ್ಕೋಹಾಲ್ ಬೆರೆತ ದ್ರವವನ್ನು ಈ ತಟ್ಟೆಗಳಿಗೆ ತಾಗಿಸಬಾರದು. ಶುದ್ಧೀಕರಿಸಿದ ನೀರು ಮತ್ತು ಮೃದುವಾದ ಬಟ್ಟೆ ಸಾಕು.

ತಮ್ಮ ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಅದನ್ನು ಒತ್ತಿಯೇ ಕೇಳಿ. ಮೋನೋ ರೆಕಾರ್ಡಿನಲ್ಲಿ ಹಾಡು ಇರುವುದು ಗೆರೆಯ ಅಡ್ಡ ಅಲುಗಾಟದಲ್ಲಿ ಮಾತ್ರ. ಧೂಳು ಮತ್ತು ಸವೆತ ಮುಳ್ಳನ್ನು ಮೇಲೆ ಕೆಳಗೂ ಕುಣಿಸುತ್ತವೆ, ಸ್ಟೀರಿಯೊ ಮುಳ್ಳು ಅದನ್ನೂ ಸದ್ದಾಗಿಸುತ್ತದೆ. ಎರಡು ಚಾನೆಲ್‌ಗಳನ್ನು ಕೂಡಿಸಿದಾಗ ಆ ಮೇಲೆ ಕೆಳಗಿನ ಪಾಲು ಅಳಿಸಿಹೋಗುತ್ತದೆ. ತೀರಾ ಸವೆದ ಪ್ರತಿಯನ್ನು ಇದು ಪೂರ್ತಿ ಉಳಿಸಲಾರದು, ಆದರೆ ವ್ಯತ್ಯಾಸ ಖಂಡಿತ ತಿಳಿಯುತ್ತದೆ.

ಹಾಡಿನ ವಿಚಾರಕ್ಕೆ ಬಂದರೆ, ‘ರೆಸ್ಪೆಕ್ಟ್’ ಹಾಡನ್ನು ಬರೆದು 1965ರಲ್ಲಿ ಮೊದಲು ಹಾಡಿದ ಓಟಿಸ್ ರೆಡ್ಡಿಂಗ್ ಅವರ ಸಿಂಗಲ್ಲನ್ನೂ ಹುಡುಕಿ ಇಟ್ಟುಕೊಳ್ಳಿ. ದುಡಿದು ಮನೆಗೆ ಬರುವ ಗಂಡಸಿನ ಬೇಡಿಕೆ ಅಲ್ಲಿದೆ. ಎರಡು ವರ್ಷಗಳ ನಂತರ ಅರೀಥಾ ಅವರು, ತಂಗಿ ಕ್ಯಾರೊಲಿನ್ ಮತ್ತು ಅಕ್ಕ ಎರ್ಮಾ ಅವರ ಹಿಮ್ಮೇಳದೊಂದಿಗೆ, ಅದನ್ನೇ ಹೆಣ್ಣಿನ ಹಕ್ಕೊತ್ತಾಯವಾಗಿ ತಿರುಗಿಸಿದರು. ಅಕ್ಷರ ಬಿಡಿಸಿ ಹೇಳುವ ಭಾಗ ಓಟಿಸ್ ಅವರ ರೂಪದಲ್ಲಿ ಇಲ್ಲವೇ ಇಲ್ಲ.

ಏಳಿಂಚು ಅವರ ಪ್ರತಿಕ್ರಿಯೆ:

ತಾವು ಹೇಳಿದಂತೆಯೇ ತಟ್ಟಿ ನೋಡಿದೆ. ಕರ್ಕಶವಾದ ಪ್ರತಿ ಟಿಣ್ ಎಂದಿತು, ಇನ್ನೊಂದು ಮಂದವಾಗಿ ಸದ್ದು ಮಾಡಿತು. ಮೋನೋ ಗುಂಡಿ ಒತ್ತಿದ ಮೇಲೆ ಮರಳಿನ ಸದ್ದು ಅರ್ಧಕ್ಕಿಂತ ಹೆಚ್ಚು ತಗ್ಗಿತಾದರೂ ‘ಎಸ್’ ಅಕ್ಷರದ ಅಂಚು ಇನ್ನೂ ಒರಟಾಗಿಯೇ ಇದೆ. ಕಿಂಗ್ ಕರ್ಟಿಸ್ ಅವರ ಸ್ಯಾಕ್ಸೊಫೋನ್ ಬರುವ ಭಾಗವಂತೂ ಈಗ ತುಂಬಿಕೊಂಡು ಕೇಳಿಸುತ್ತದೆ.

ಆ ಪ್ರತಿಯನ್ನು ತೆಗೆದಿಡುವ ಮುನ್ನ, ಹಿಂಬದಿ ಅವರ ಮಾತು ನೆನಪಾಗಿ, ತಿರುವಿ ಹಾಕಿದೆ. ಆ ಕಡೆ ಇರುವುದು ‘ಡಾಕ್ಟರ್ ಫೀಲ್‌ಗುಡ್’. ಹಿಂದಿನ ಮಾಲೀಕರು ಆ ಬದಿಯನ್ನು ಕೇಳಿಯೇ ಇಲ್ಲವೇನೋ ಎಂಬಷ್ಟು ಗೆರೆಗಳು ಹೊಸದಾಗಿವೆ. ಪಿಯಾನೊದ ಒಂದೊಂದು ಸ್ವರವೂ ಮುಂದೆಯೇ ಕುಳಿತು ನುಡಿಸಿದಂತೆ ಬಂತು, ಅರೀಥಾ ಅವರ ಉಸಿರು ಕೂಡ ಕೇಳಿಸಿತು. ಎರಡು ಪ್ರತಿಗಳನ್ನೂ ಇಟ್ಟುಕೊಳ್ಳುತ್ತಿದ್ದೇನೆ, ಒಂದನ್ನು ಮುಂಬದಿಗೆ, ಇನ್ನೊಂದನ್ನು ಹಿಂಬದಿಗೆ.